ಎಂಟೂವರೆ ಲಕ್ಷದ ವಾಚು ಮಾಡಲು ನಿಜಕ್ಕೂ ಎಷ್ಟು ಖರ್ಚು?

ಪ್ರಶ್ನೆ: ಘಾಟ್ಕೋಪರ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಅಪ್ಪನಿಗೆ ಈ ವರ್ಷ ಅರವತ್ತು ತುಂಬುತ್ತದೆ. ಅಣ್ಣ, ನಾನು ಸೇರಿ ಒಂದು ಒಳ್ಳೆಯ ಸ್ವಿಸ್ ವಾಚು ಕೊಡಿಸೋಣ ಅಂತಿದ್ದೇವೆ. ನೋಡಿಟ್ಟಿರುವುದು ಸ್ಟೀಲಿನ ಆಟೋಮ್ಯಾಟಿಕ್, ಸೆಲ್ಲಿಲ್ಲದೆ ಕೈಯ ಅಲುಗಾಟಕ್ಕೇ ಓಡುವಂಥದ್ದು, ಬೆಲೆ ಎಂಟೂವರೆ ಲಕ್ಷ. ಅಂಗಡಿಯವರು 'ವರ್ಷ ವರ್ಷ ರೇಟು ಏರುತ್ತೆ, ಇದು ಚಿನ್ನ ಇದ್ದ ಹಾಗೆ' ಅನ್ನುತ್ತಾರೆ. ನನ್ನ ಗೆಳೆಯ 'ಅದನ್ನ ಮಾಡೋಕೆ ಮೂವತ್ತು ಸಾವಿರಾನೂ ಆಗಲ್ಲ' ಅನ್ನುತ್ತಾನೆ. ಯಾರ ಮಾತು ನಿಜ? ತಗೊಳ್ಳಬಹುದಾ?

ಉತ್ತರ:

ಇಬ್ಬರ ಮಾತಿನಲ್ಲೂ ಒಂದೊಂದು ಚೂರು ನಿಜ ಇದೆ. ಅಂಗಡಿಯವರ ಮಾತಿನಿಂದ ನಿಮಗೆ ಹೆಚ್ಚು ಅಪಾಯ, ಗೆಳೆಯನ ಮಾತಿನಿಂದ ಕಡಿಮೆ, ಅಷ್ಟೇ ವ್ಯತ್ಯಾಸ. ಫೋರ್ಟ್‌ನಲ್ಲಿ ನನ್ನ ರಿಪೇರಿ ಬೆಂಚು ಇದೆ. ಇಪ್ಪತ್ತೆಂಟು ವರ್ಷದಿಂದ ಇಂಥ ವಾಚುಗಳನ್ನು ಬಿಚ್ಚಿ ಜೋಡಿಸುತ್ತಿದ್ದೇನೆ, ಹಳೆಯದನ್ನು ಮಾರುವವರಿಗೆ ಬೆಲೆ ಕಟ್ಟಿಕೊಡುತ್ತೇನೆ. ಹಾಗಾಗಿ ಒಳಗಿನ ಮಷೀನೂ ಗೊತ್ತು, ಮಾರಲು ಬಂದವರ ಮುಖ ಬಾಡುವುದೂ ಗೊತ್ತು.

ಮೊದಲು ನೀವು ಕೊಡುವ ಎಂಟೂವರೆ ಲಕ್ಷ ಎಲ್ಲೆಲ್ಲಿ ಹೋಗುತ್ತದೆ ನೋಡೋಣ. ಅದರಲ್ಲಿ ಶೇ 18ರ ಜಿಎಸ್‌ಟಿ ಸೇರಿದೆ. ಅಲ್ಲೇ ಒಂದು ಲಕ್ಷದ ಮೂವತ್ತು ಸಾವಿರ ಸರ್ಕಾರಕ್ಕೆ ಹೋಯಿತು. ಉಳಿದ ಏಳು ಲಕ್ಷದ ಇಪ್ಪತ್ತು ಸಾವಿರದಲ್ಲಿ ಅಂಗಡಿಯವರ ಪಾಲು ಸಾಮಾನ್ಯವಾಗಿ ಮೂರರಲ್ಲಿ ಒಂದು ಭಾಗದ ಆಸುಪಾಸು, ಸುಮಾರು ಎರಡು ಲಕ್ಷದ ಮೇಲೆ ಅನ್ನಿ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲೋ ಲೋವರ್ ಪರೇಲ್‌ನಲ್ಲೋ ಇರುವ ಆ ಅಂಗಡಿಯ ಬಾಡಿಗೆ, ಕೈಗೆ ಬಿಳಿ ಗ್ಲೌಸ್ ಹಾಕಿಕೊಂಡು ವಾಚು ತೋರಿಸುವ ಹುಡುಗನ ಸಂಬಳ, ವಿಮೆ, ಎಲ್ಲ ಅದರಲ್ಲೇ ಬರಬೇಕು. ಆಮೇಲೆ ಆಮದು ಸುಂಕ. ವಾಚಿನ ಮೇಲೆ ಮೂಲ ಸುಂಕ ಶೇ 20, ಅದರ ಮೇಲೆ ಸರ್‌ಚಾರ್ಜು ಸೇರಿ ಶೇ 22 ಆಗುತ್ತಿತ್ತು. ಕಂಪನಿಯ ಭಾರತದ ಕಚೇರಿ, ಸಾಗಣೆ, ಇಲ್ಲಿನ ಜಾಹೀರಾತು, ಇವನ್ನೆಲ್ಲ ಕಳೆದರೆ ಸ್ವಿಟ್ಜರ್‌ಲೆಂಡಿನ ಕಾರ್ಖಾನೆಗೆ ತಲುಪುವುದು ಮೂರೂವರೆ ಲಕ್ಷದ ಆಸುಪಾಸು. ಅಂದರೆ ನಿಮ್ಮ ಎಂಟೂವರೆ ಲಕ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ವಾಚು ಮಾಡಿದವರ ಕೈಗೆ ಹೋಗುವುದೇ ಇಲ್ಲ.

ಈ ಸುಂಕದ ವಿಷಯದಲ್ಲಿ ಒಂದು ಬದಲಾವಣೆ ಆಗಿದೆ. ಸ್ವಿಟ್ಜರ್‌ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ಈ ನಾಲ್ಕು ದೇಶಗಳ ಜೊತೆ ಭಾರತ 2024ರ ಮಾರ್ಚ್‌ನಲ್ಲಿ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಮೇಲಿನ ಸುಂಕ ಏಳು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಇಲ್ಲದಾಗುತ್ತದೆ. ಹಾಗಾದರೆ ಕಾಯೋಣವಾ ಅಂತ ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. 2015ರಲ್ಲಿ ಒಂದು ಸ್ವಿಸ್ ಫ್ರಾಂಕ್‌ಗೆ 65 ರೂಪಾಯಿ ಆಸುಪಾಸು ಇತ್ತು. 2025ರಲ್ಲಿ ಅದು 100 ದಾಟಿತು. ಸುಂಕದಲ್ಲಿ ವರ್ಷಕ್ಕೆ ಮೂರು ಪರ್ಸೆಂಟ್ ಉಳಿದರೆ ಫ್ರಾಂಕ್ ಅದನ್ನು ಸದ್ದಿಲ್ಲದೆ ತಿಂದುಹಾಕಬಹುದು. ನಮ್ಮಲ್ಲಿ ಬೆಲೆ ಏರಿದ್ದರಲ್ಲಿ ದೊಡ್ಡ ಪಾಲು ಈ ಫ್ರಾಂಕಿನದೇ. ಅದನ್ನು ವಾಚಿನ ಬೆಲೆ ಬೆಳೆಯಿತು ಅಂತ ತಿಳಿದುಕೊಳ್ಳಬಾರದು, ನಮ್ಮ ರೂಪಾಯಿ ಸೊರಗಿತು ಅಷ್ಟೆ.

ಈಗ ಗೆಳೆಯನ ಮೂವತ್ತು ಸಾವಿರಕ್ಕೆ ಬರೋಣ. ಬರೀ ಸಾಮಾನಿನ ಬೆಲೆ ಹಿಡಿದರೆ ಅವನು ಹೇಳಿದ್ದಕ್ಕಿಂತಲೂ ಕಡಿಮೆ. ಬಾಡಿ ಮತ್ತು ಚೈನಿಗೆ ಬೇಕಾದ ಸ್ಟೀಲು ಕೆಲವೇ ನೂರು ರೂಪಾಯಿಯದು. ಒಳಗೆ ಕೆಂಪಗೆ ಹೊಳೆಯುವ ಮಾಣಿಕ್ಯದ ಕಲ್ಲುಗಳು ಗಣಿಯಿಂದ ಬಂದವಲ್ಲ. 1902ರಲ್ಲಿ ವೆರ್ನೊಯ್ ಅನ್ನುವ ಫ್ರೆಂಚ್ ರಸಾಯನಶಾಸ್ತ್ರಜ್ಞ ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದಾಗಿನಿಂದ ಅವು ಬಿಡಿಗಾಸಿನ ಸಾಮಾನು. ಮೇಲಿನ ಸಫೈರ್ ಗಾಜು ಕೂಡ ಹಾಗೇ ಬೆಳೆಸಿದ ಹರಳು. ಪೂರ್ತಿ ಜೋಡಿಸಿದ ಜಪಾನಿ ಆಟೋಮ್ಯಾಟಿಕ್ ಮಷೀನು, ಸೈಕೋ ಗುಂಪಿನ ಎನ್‌ಎಚ್35 ಅಂತ, ಮೂರು ನಾಲ್ಕು ಸಾವಿರ ರೂಪಾಯಿಗೆ ಯಾರು ಬೇಕಾದರೂ ತರಿಸಿಕೊಳ್ಳಬಹುದು. ಗಂಟೆಗೆ 21,600 ಸಲ ಬಡಿಯುತ್ತದೆ, ದಿನಕ್ಕೆ ಒಂದು ನಿಮಿಷದೊಳಗೇ ಹೆಚ್ಚುಕಮ್ಮಿ. ವರ್ಷಗಟ್ಟಲೆ ಓಡುತ್ತದೆ. ನನಗೆ ಅದರ ಮೇಲೆ ಬಹಳ ಗೌರವ.

ಆದರೆ ನೀವು ನೋಡಿದ ವಾಚಿನ ಕಥೆ ಬೇರೆ. ಬಿಡಿಭಾಗದ ದರ, ಸರ್ವಿಸ್ ಬಿಲ್ಲು, ಬೇರೆ ಕಂಪನಿಗಳಿಗೆ ಮಷೀನು ಮಾರುವವರ ರೇಟು ಇವನ್ನೆಲ್ಲ ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಕಂಪನಿ ತಾನೇ ಮಾಡಿದ ಮಷೀನು ಇರುವ ಅಂಥ ಸ್ಟೀಲಿನ ವಾಚು ಮಾಡಲು ಸಾವಿರ ಫ್ರಾಂಕ್ ಆಚೀಚೆ, ಅಂದರೆ ಒಂದು ಲಕ್ಷ ರೂಪಾಯಿ ಆಸುಪಾಸು ಆಗುತ್ತದೆ ಅನ್ನುವುದು ನನ್ನ ಅಂದಾಜು. ಮಷೀನಿಗೆ ಒಂದು ದೊಡ್ಡ ಪಾಲು, ಬಾಡಿ ಮತ್ತು ಚೈನಿಗೆ ಅಷ್ಟೇ ಇನ್ನೊಂದು ಪಾಲು. ಡಯಲ್ಲು, ಮುಳ್ಳು, ಜೋಡಣೆ, ಪರೀಕ್ಷೆ ಉಳಿದದ್ದರಲ್ಲಿ. ಚೈನಿಗೆ ಅಷ್ಟೊಂದಾ ಅಂತ ಆಶ್ಚರ್ಯ ಆಗಬಹುದು. ಒಂದೊಂದು ಕೊಂಡಿಯನ್ನೂ ಕೊರೆದು, ಒಂದು ಮೈಯನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿ, ಪಕ್ಕದ ಮೈಯನ್ನು ಗೆರೆಗೆರೆಯಾಗಿ ಉಜ್ಜಿ, ಎರಡೂ ಸೇರುವ ಅಂಚು ಚೂಪಾಗಿ ಉಳಿಯುವ ಹಾಗೆ ನೋಡಿಕೊಳ್ಳಬೇಕು. ಕಡಿಮೆ ಬೆಲೆಯ ವಾಚಿನಲ್ಲಿ ಆ ಅಂಚು ಸವೆದ ಸೋಪಿನ ಹಾಗೆ ಇರುತ್ತದೆ. ಎರಡನ್ನೂ ಒಮ್ಮೆ ಬೆರಳಿನಿಂದ ಸವರಿ ನೋಡಿ, ಕಣ್ಣಿಗಿಂತ ಬೇಗ ಬೆರಳಿಗೆ ಗೊತ್ತಾಗುತ್ತದೆ.

ಇದೆಲ್ಲ ಮಾಡುವವರು ಸ್ವಿಟ್ಜರ್‌ಲೆಂಡಿನಲ್ಲಿ ಕೂತಿರುತ್ತಾರೆ. ಜಿನೀವಾದಲ್ಲಿ 2020ರಲ್ಲೇ ಕನಿಷ್ಠ ಕೂಲಿ ಗಂಟೆಗೆ 23 ಫ್ರಾಂಕ್ ಅಂತ ಕಾನೂನು ಆಯಿತು. ಅದು ಕನಿಷ್ಠ, ನುರಿತವರದಲ್ಲ. ಸಾಮಾನು ಅಗ್ಗ, ಕೈ ದುಬಾರಿ. ಇದರಲ್ಲೇ ಒಂದು ಸೂಕ್ಷ್ಮ ಅಡಗಿದೆ. 'ಸ್ವಿಸ್ ಮೇಡ್' ಅಂತ ಡಯಲ್ ಮೇಲೆ ಬರೆಯಲು 2017ರ ಜನವರಿಯಿಂದ ತಯಾರಿ ವೆಚ್ಚದ ಶೇ 60 ಭಾಗ ಅಲ್ಲಿ ಆಗಿರಬೇಕು ಅನ್ನುವ ನಿಯಮ ಇದೆ. ಲೆಕ್ಕ ವೆಚ್ಚದ್ದು, ಬಿಡಿಭಾಗಗಳ ಸಂಖ್ಯೆಯದ್ದಲ್ಲ. ಸ್ವಿಸ್ ಕೂಲಿ ಅಷ್ಟು ದುಬಾರಿ ಆಗಿರುವಾಗ ಮಷೀನು ಮತ್ತು ಜೋಡಣೆಯಿಂದಲೇ ಆ 60 ಬೇಗ ತುಂಬಿಬಿಡುತ್ತದೆ. ಬಾಡಿ, ಡಯಲ್ಲು, ಚೈನು ಏಷ್ಯಾದಿಂದ ಬಂದರೂ ನಿಯಮ ಮುರಿದ ಹಾಗಾಗುವುದಿಲ್ಲ. ನೀವು ಹೇಳುವ ದರ್ಜೆಯ ವಾಚಿನಲ್ಲಿ ಇದು ಕಡಿಮೆ. ಐವತ್ತು ಸಾವಿರದಿಂದ ಒಂದೂವರೆ ಲಕ್ಷದ ವಾಚುಗಳಲ್ಲಿ ಜಾಸ್ತಿ.

ಹಾಗಾದರೆ ಲಕ್ಷದ ವಾಚನ್ನು ಮೂರೂವರೆ ಲಕ್ಷಕ್ಕೆ ಕೊಟ್ಟು ಕಂಪನಿ ಉಳಿದದ್ದನ್ನೆಲ್ಲ ಜೇಬಿಗೆ ಹಾಕಿಕೊಳ್ಳುತ್ತದಾ? ಇದನ್ನು ನಿಮಗೆ ವಿವರಿಸುವುದು ಸುಲಭ, ಯಾಕೆಂದರೆ ನೀವು ಹೋಟೆಲಿನವರ ಮನೆಯವರು. ಒಂದು ಮಸಾಲೆ ದೋಸೆಗೆ ಹಿಟ್ಟು, ಪಲ್ಯ, ಎಣ್ಣೆ ಎಷ್ಟಾಗುತ್ತದೆ ಅಂತ ಅಪ್ಪನನ್ನು ಕೇಳಿ. ಗಿರಾಕಿ ಕೊಡುವುದರ ಕಾಲು ಭಾಗ ಇರಬಹುದು. ಹಾಗಂತ ಉಳಿದ ಮುಕ್ಕಾಲು ಅಪ್ಪನಿಗೆ ಉಳಿಯುತ್ತದಾ? ಬಾಡಿಗೆ, ಗ್ಯಾಸು, ಭಟ್ಟರ ಸಂಬಳ, ಹುಡುಗರ ಊಟ ವಸತಿ. ಮಳೆಗೆ ಲೋಕಲ್ ನಿಂತು ಹೋಟೆಲ್ ಖಾಲಿ ಹೊಡೆದ ದಿನವೂ ಇವೆಲ್ಲ ಕೊಡಲೇಬೇಕು. ವಾಚಿನ ಕಾರ್ಖಾನೆಯೂ ಹಾಗೇ. ಒಮೇಗಾ, ಲಾಂಜೀನ್, ಟಿಸ್ಸಾಟ್ ಎಲ್ಲ ಇರುವ ಸ್ವಾಚ್ ಗ್ರೂಪ್ 2023ರಲ್ಲಿ ಸುಮಾರು 790 ಕೋಟಿ ಫ್ರಾಂಕ್ ವ್ಯಾಪಾರ ಮಾಡಿ ಸುಮಾರು 119 ಕೋಟಿ ಫ್ರಾಂಕ್ ಕಾರ್ಯಾಚರಣೆ ಲಾಭ ಮಾಡಿತು. 2024ರಲ್ಲಿ, ಮುಖ್ಯವಾಗಿ ಚೀನಾದಲ್ಲಿ ಕೊಳ್ಳುವವರು ಕಡಿಮೆಯಾಗಿ, ವ್ಯಾಪಾರ 670 ಕೋಟಿ ಚಿಲ್ಲರೆಗೆ ಇಳಿಯಿತು. ಲಾಭ ಎಷ್ಟಾಯಿತು ಗೊತ್ತಾ? 30 ಕೋಟಿ ಫ್ರಾಂಕ್. ವ್ಯಾಪಾರ ಬಿದ್ದದ್ದು ಏಳರಲ್ಲಿ ಒಂದು ಪಾಲು, ಲಾಭ ಬಿದ್ದದ್ದು ನಾಲ್ಕರಲ್ಲಿ ಮೂರು ಪಾಲು. ಕಾರ್ಖಾನೆ, ಕೆಲಸಗಾರರು, ಅಂಗಡಿಗಳು ಇದ್ದ ಹಾಗೇ ಇದ್ದದ್ದರಿಂದ ಹಾಗಾಯಿತು. ಇನ್ನೊಂದು ವಾಚು ಮಾಡುವ ಖರ್ಚು ಚಿಕ್ಕದು, ವಾಚು ಮಾಡುವ ವ್ಯವಸ್ಥೆಯನ್ನು ಜೀವಂತ ಇಡುವ ಖರ್ಚು ದೊಡ್ಡದು. ಗೆಳೆಯ ಮೊದಲನೆಯದನ್ನು ಮಾತ್ರ ಎಣಿಸಿದ್ದಾನೆ.

ಒಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ಬಹಳ ಇಷ್ಟದ ಭಾಗ. ಮಷೀನಿನ ಒಳಗೆ ಹೇರ್‌ಸ್ಪ್ರಿಂಗ್ ಅಂತ ಇದೆ, ಕೂದಲಿಗಿಂತ ತೆಳು ಸುರುಳಿ. ಅದು ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗಿ, ವಾಚಿನ ತಾಳ ಹಿಡಿಯುವ ಬ್ಯಾಲೆನ್ಸ್ ಚಕ್ರವನ್ನು ತೂಗುತ್ತದೆ. ಬಿಸಿಲಿಗೆ ಲೋಹ ಮೆತ್ತಗಾದರೆ ವಾಚು ನಿಧಾನ, ಚಳಿಗೆ ಗಟ್ಟಿಯಾದರೆ ಫಾಸ್ಟು. ಹೀಗೆ ಬದಲಾಗದ ಮಿಶ್ರಲೋಹ ಹುಡುಕಿದ ಗಿಯೋಮ್ ಅನ್ನುವ ಸ್ವಿಸ್ ವಿಜ್ಞಾನಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇವತ್ತಿಗೂ ಒಳ್ಳೆಯ ಹೇರ್‌ಸ್ಪ್ರಿಂಗ್ ಮಾಡಬಲ್ಲ ಕಂಪನಿಗಳು ಬೆರಳೆಣಿಕೆಯಷ್ಟು. ಸ್ವಿಸ್ ವಾಚುಗಳಲ್ಲಿ ಹೆಚ್ಚಿನವಕ್ಕೆ ಸ್ವಾಚ್ ಗ್ರೂಪಿನದೇ ನಿವಾರಾಕ್ಸ್ ಕಾರ್ಖಾನೆಯಿಂದ ಬರುತ್ತದೆ. ಒಂದು ಸುರುಳಿಗೆ ಹಿಡಿಯುವ ಲೋಹದ ಬೆಲೆ ಪೈಸೆಯಲ್ಲಿ. ಅದನ್ನು ಎಳೆದು, ಚಪ್ಪಟೆ ಮಾಡಿ, ಪ್ರತಿ ಸಲ ಒಂದೇ ಥರ ಬರುವ ಹಾಗೆ ಕಲಿಯಲು ಹಿಡಿದದ್ದು ಮೂರು ತಲೆಮಾರು. ಇದನ್ನು ಮೋಸ ಅನ್ನಲು ನನ್ನ ಬಾಯಿ ಬರುವುದಿಲ್ಲ.

ಮೋಸ ಅನ್ನಿಸುವುದು ಬೇರೆ ಕಡೆ. ಬಟ್ಟೆ, ಬ್ಯಾಗು, ಸೆಂಟಿನ ದೊಡ್ಡ ಹೆಸರೊಂದನ್ನು ಡಯಲ್ ಮೇಲೆ ಹಾಕಿ, ಒಳಗೆ ಸೆಲ್ಲಿನಿಂದ ಓಡುವ ಮಾಮೂಲಿ ಕ್ವಾರ್ಟ್ಜ್ ಮಷೀನು ಇಟ್ಟು ಎರಡು ಲಕ್ಷಕ್ಕೆ ಮಾರುವುದು. ನಾನು ಅಂಥವನ್ನು ಸೆಲ್ಲು ಹಾಕಲು ತೆರೆದಾಗ ಗಿರಾಕಿಯ ಮುಂದೆ ತೆರೆಯುವುದಿಲ್ಲ, ಮನಸ್ಸು ಒಪ್ಪಲ್ಲ.

ಬೆಲೆ ಯಾಕೆ ಹೀಗೆ ಮೇಲೆ ಹೋಯಿತು ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಈ ಊರಿಗೆ ಸ್ವಿಸ್ ವಾಚು ಹೊಸದಲ್ಲ. ಫಾವ್ರ್ ಲೂಬಾ ಅನ್ನುವ ಸ್ವಿಸ್ ಕಂಪನಿ 1865ರಲ್ಲೇ ಬೊಂಬಾಯಿಗೆ ಬಂದಿತ್ತು. ವೆಸ್ಟ್ ಎಂಡ್ ವಾಚ್ ಕಂಪನಿ 1886ರಲ್ಲಿ ಇಲ್ಲೇ ಶುರುವಾಯಿತು. ರೈಲ್ವೆಯವರು, ಸಿಪಾಯಿಗಳು ಕಟ್ಟುತ್ತಿದ್ದ ವಾಚುಗಳು ಅವು. ಟೈಮು ನೋಡಲು ಬೇಕಿತ್ತು, ಕೊಂಡರು. 1953ರಲ್ಲಿ ಬಂದ ರೋಲೆಕ್ಸ್ ಸಬ್‌ಮರೀನರ್ ಕೂಡ ಮುಳುಗುಗಾರರ ಉಪಕರಣವೇ ಆಗಿತ್ತು, ಆಗ 150 ಡಾಲರ್ ಆಸುಪಾಸು. 1969ರ ಡಿಸೆಂಬರ್ 25ರಂದು ಸೈಕೋ ಜಪಾನಿನಲ್ಲಿ ಕ್ವಾರ್ಟ್ಜ್ ವಾಚು ಬಿಡುಗಡೆ ಮಾಡಿತು. ಮೊದಲ ವಾಚಿನ ಬೆಲೆ 4,50,000 ಯೆನ್. ಆದರೆ ಹತ್ತೇ ವರ್ಷದಲ್ಲಿ ಕ್ವಾರ್ಟ್ಜ್ ಎಷ್ಟು ಅಗ್ಗವಾಯಿತೆಂದರೆ ಟೈಮು ನೋಡಲು ಚಾವಿಯ ವಾಚು ಬೇಕಾಗಲೇ ಇಲ್ಲ. ನಮ್ಮ ಬೆಂಗಳೂರು, ತುಮಕೂರಿನ ಎಚ್‌ಎಂಟಿಗೂ ಕೊನೆಗೆ ಅದೇ ಪೆಟ್ಟು ಬಿತ್ತು. ಸ್ವಿಸ್ ಕಂಪನಿಗಳಲ್ಲಿ ಉಳಿದವು ಬೇರೆ ದಾರಿ ಹಿಡಿದವು, ವಾಚನ್ನು ಬೇಕಾದ ವಸ್ತುವಿನಿಂದ ಆಸೆಯ ವಸ್ತುವಾಗಿ ಮಾಡಿದವು. ಬೇಕಾದ ವಸ್ತುವಿನ ಬೆಲೆ ಖರ್ಚಿನ ಹಿಂದೆ ಹೋಗುತ್ತದೆ. ಆಸೆಯ ವಸ್ತುವಿನ ಬೆಲೆ ಕೊಳ್ಳುವವನ ಜೇಬಿನ ಹಿಂದೆ ಹೋಗುತ್ತದೆ.

ಲೆಕ್ಕವೇ ಇದನ್ನು ಹೇಳುತ್ತದೆ. 2011ರಲ್ಲಿ ಸ್ವಿಟ್ಜರ್‌ಲೆಂಡ್ ಹೊರಗೆ ಕಳಿಸಿದ್ದು ಮೂರು ಕೋಟಿಗೆ ಹತ್ತಿರ ವಾಚು, ಸುಮಾರು 1,930 ಕೋಟಿ ಫ್ರಾಂಕ್ ಮೌಲ್ಯದ್ದು. 2024ರಲ್ಲಿ ಕಳಿಸಿದ್ದು ಒಂದೂವರೆ ಕೋಟಿ ವಾಚು ಮಾತ್ರ, ಮೌಲ್ಯ 2,600 ಕೋಟಿ ಫ್ರಾಂಕ್. ಸಂಖ್ಯೆ ಅರ್ಧಕ್ಕೆ ಇಳಿಯಿತು, ದುಡ್ಡು ಮೂರನೇ ಒಂದು ಪಾಲು ಏರಿತು. ಕೆಳಗಿನ ಮಾರುಕಟ್ಟೆಯನ್ನು ಸ್ಮಾರ್ಟ್‌ವಾಚು ನುಂಗಿತು, ಉಳಿದವರು ಮೇಲಕ್ಕೆ ಹತ್ತಿದರು. ಸ್ಟೀಲು, ಹರಳು ಅಷ್ಟು ದುಬಾರಿ ಆದದ್ದೇನೂ ಇಲ್ಲ. ಸಬ್‌ಮರೀನರ್‌ನ ತಾರೀಖು ಇಲ್ಲದ ಮಾದರಿ 2020ರಲ್ಲಿ ಅಮೆರಿಕದಲ್ಲಿ 7,500 ಡಾಲರ್‌ಗೆ ಬಂತು, ಐದು ವರ್ಷದೊಳಗೆ 9,000 ದಾಟಿತು.

ಚಿನ್ನದ ವಾಚಿನ ವಿಷಯ ಮಾತ್ರ ಬೇರೆ. ಅಲ್ಲಿ ಸಾಮಾನಿನ ಬೆಲೆಯೇ ನಿಜವಾಗಿ ಏರಿದೆ. ಹತ್ತು ಗ್ರಾಂ ಅಪರಂಜಿ 2025ರ ಏಪ್ರಿಲ್‌ನಲ್ಲಿ ಲಕ್ಷ ಮುಟ್ಟಿದ್ದು ನಿಮಗೆ ನೆನಪಿರಬಹುದು. ಹದಿನೆಂಟು ಕ್ಯಾರೆಟ್ಟಿನ ಬಾಡಿ, ಚೈನು ಸೇರಿ ನೂರು ಗ್ರಾಂ ಇದ್ದರೆ ಅದರಲ್ಲಿ 75 ಗ್ರಾಂ ಶುದ್ಧ ಚಿನ್ನ. ಆ ದರದಲ್ಲೇ ಏಳೂವರೆ ಲಕ್ಷ ಆಯಿತು. ನಿಮ್ಮ ಅಂಗಡಿಯವರು ಸ್ಟೀಲಿನ ವಾಚು ತೋರಿಸಿ 'ಚಿನ್ನ ಇದ್ದ ಹಾಗೆ' ಅಂದರಲ್ಲ, ಅದಕ್ಕೇ ನನಗೆ ಸಿಟ್ಟು. ಝವೇರಿ ಬಜಾರ್‌ನಲ್ಲಿ ಯಾವ ಅಂಗಡಿಗೆ ಹೋದರೂ ಚಿನ್ನಕ್ಕೆ ಅವತ್ತಿನ ರೇಟಿದೆ. ಸ್ಟೀಲಿನ ವಾಚಿಗೆ ರೇಟು ಇಲ್ಲ, ಕೊಳ್ಳುವವನು ಸಿಕ್ಕರೆ ಮಾತ್ರ ಬೆಲೆ.

ಬೆಲೆ ಏರುತ್ತಲೇ ಇರುತ್ತದೆ ಅನ್ನುವ ನಂಬಿಕೆ ಹುಟ್ಟಿದ್ದು 2020ರಿಂದ 2022ರ ನಡುವೆ. ಜನ ಮನೆಯಲ್ಲಿ ಕೂತಿದ್ದರು, ಬಡ್ಡಿ ಕಡಿಮೆ, ಶೇರು ಕ್ರಿಪ್ಟೋದಲ್ಲಿ ದುಡ್ಡು ಓಡಾಡುತ್ತಿತ್ತು. ಪಾಟೆಕ್ ಫಿಲಿಪ್ ಅನ್ನುವ ಸ್ವಿಸ್ ಕಂಪನಿಯ ನಾಟಿಲಸ್ 5711, ಅಂಗಡಿ ಬೆಲೆ 35,000 ಡಾಲರ್ ಆಸುಪಾಸಿನ ಸ್ಟೀಲಿನ ವಾಚು, ಲಕ್ಷ ಡಾಲರ್ ದಾಟಿ ಕೈ ಬದಲಾಯಿತು. 2021ರ ಡಿಸೆಂಬರ್‌ನಲ್ಲಿ ಅದರದೇ, ಅಮೆರಿಕದ ಒಡವೆ ಅಂಗಡಿ ಟಿಫನಿಯ ನೀಲಿ ಬಣ್ಣದ ಡಯಲಿನ ಒಂದು ವಾಚು ನ್ಯೂಯಾರ್ಕಿನ ಹರಾಜಿನಲ್ಲಿ 65 ಲಕ್ಷ ಡಾಲರ್‌ಗೆ ಹೋಯಿತು. ಹೀಗೆ ಕೈ ಬದಲಾಗುವ ವಾಚುಗಳ ಬೆಲೆ 2022ರ ವಸಂತದಲ್ಲಿ ತುದಿ ಮುಟ್ಟಿ, ಆಮೇಲೆ ಎರಡು ವರ್ಷ ಇಳಿಯುತ್ತಲೇ ಹೋಯಿತು. ಗಮನಿಸಿ, ಅದೇ ಸಮಯದಲ್ಲಿ ಅಂಗಡಿಯ ಬೆಲೆ ಮಾತ್ರ ಏರುತ್ತಲೇ ಇತ್ತು. ಅಂಗಡಿಯಲ್ಲಿ ಬೆಲೆ ಏರುವುದು ಒಂದು, ನೀವು ಮಾರಲು ಹೋದಾಗ ಬೆಲೆ ಸಿಗುವುದು ಇನ್ನೊಂದು. ಅಂಧೇರಿಯ ಒಬ್ಬರು ಆ ವರ್ಷ ಮಧ್ಯವರ್ತಿಯಿಂದ ಅಂಗಡಿ ಬೆಲೆಯ ಎರಡು ಪಟ್ಟು ಕೊಟ್ಟು ಒಂದು ವಾಚು ತಗೊಂಡಿದ್ದರು. ಮಗಳ ಕಾಲೇಜು ಫೀಸಿಗೆ ಅಂತ 2024ರಲ್ಲಿ ನನ್ನ ಹತ್ತಿರ ಬಂದರು. ಸಿಕ್ಕಿದ್ದು ಕೊಟ್ಟಿದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಅವರು ಸುಮ್ನೆ ಕೂತು ನೀರು ಕುಡಿದು ಹೋದದ್ದು ಇವತ್ತಿಗೂ ಕಣ್ಣ ಮುಂದಿದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಅಂಗಡಿಯಲ್ಲಿ 'ಮಾಡಲು ಎಷ್ಟಾಯಿತು' ಅಂತ ಕೇಳಬೇಡಿ. 'ಇದೇ ಮಾದರಿ, ಎರಡು ವರ್ಷ ಕಟ್ಟಿದ್ದು, ಡಬ್ಬಿ ಕಾಗದ ಸಮೇತ ಇವತ್ತು ಎಷ್ಟಕ್ಕೆ ಹೋಗುತ್ತಿದೆ' ಅಂತ ಮೂರು ಕಡೆ ವಿಚಾರಿಸಿ. ಬೆರಳೆಣಿಕೆಯ ಕೆಲವು ಮಾದರಿ ಬಿಟ್ಟರೆ ಉತ್ತರ ಹೊಸದರ ಅಂಗಡಿ ಬೆಲೆಯ ಶೇ 55ರಿಂದ 70ರ ಒಳಗೇ ಬರುತ್ತದೆ ಅನ್ನುವುದು ನನ್ನ ಅನುಭವ. ಅಂದರೆ ಪೆಟ್ಟಿಗೆಯಿಂದ ತೆಗೆದು ಕೈಗೆ ಕಟ್ಟಿದ ದಿನವೇ ಮೂರು ಲಕ್ಷದ ಆಸುಪಾಸು ಹೋಯಿತು ಅಂತ ತಿಳಿದುಕೊಳ್ಳಿ. ಆ ಮೂರು ಲಕ್ಷ ಅಪ್ಪನ ಸಂತೋಷಕ್ಕೆ ಅಂತ ನಿಮಗೆ ಅನ್ನಿಸಿದರೆ ಧಾರಾಳವಾಗಿ ತಗೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ. ಹೂಡಿಕೆ ಅಂತ ಆದರೆ ಬೇಡ. ಎರಡೂವರೆ ಮೂರು ಲಕ್ಷದ ಒಳಗೆ ನಾನು ಮನಸಾರೆ ಮೆಚ್ಚುವ ಸ್ವಿಸ್, ಜಪಾನಿ ವಾಚುಗಳು ಬೇಕಾದಷ್ಟಿವೆ. ಮೂರು ಲಕ್ಷದಿಂದ ಎಂಟೂವರೆಗೆ ಹೋದಾಗ ಕೆಲಸದ ಗುಣ ಹೆಚ್ಚುವುದು ನಿಜ, ಆದರೆ ಬೆಲೆ ಹೆಚ್ಚಿದಷ್ಟು ಅಲ್ಲ.

ಇನ್ನೂ ಕೆಲವು ಮಾತು. ಹೋಟೆಲ್ ವ್ಯಾಪಾರದಲ್ಲಿ ಕೈಯಲ್ಲಿ ನಗದು ಇರುತ್ತದೆ, ಆದರೆ ಎರಡು ಲಕ್ಷ ಅಥವಾ ಅದರ ಮೇಲೆ ನಗದು ತಗೊಳ್ಳುವುದು ಅಂಗಡಿಯವರಿಗೆ ಕಾನೂನುಬಾಹಿರ. ಬ್ಯಾಂಕಿನಿಂದಲೇ ಕೊಡಿ, ಪ್ಯಾನ್ ಕಾರ್ಡ್ ಒಯ್ಯಿರಿ. 2025ರ ಏಪ್ರಿಲ್‌ನಿಂದ ಹತ್ತು ಲಕ್ಷ ದಾಟಿದ ವಾಚಿಗೆ ಒಂದು ಪರ್ಸೆಂಟ್ ಟಿಸಿಎಸ್, ಅಂದರೆ ಅಂಗಡಿಯವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ ಕೂಡ ಇದೆ, ನಿಮ್ಮದು ಅದರೊಳಗೆ ಬರುವುದಿಲ್ಲ. ದುಬೈನಿಂದ ಯಾರೋ ಕೈಗೆ ಕಟ್ಟಿಕೊಂಡು ಬರುತ್ತಾರೆ ಅಂದರೆ ಒಪ್ಪಬೇಡಿ. 'ಈ ವಾಚು ಬೇಕಾದರೆ ಮೊದಲು ಇನ್ನೆರಡು ತಗೊಳ್ಳಿ' ಅಂತ ಯಾವ ಅಂಗಡಿಯವರಾದರೂ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನನ್ನ ತಮ್ಮನಿಗೇ ಹಾಗೆ ಹೇಳಿದ್ದರು, ಅವನು ಮರ್ಯಾದೆಗೆ ಹೆದರಿ ತಗೊಂಡ. ಆ ಎರಡು ವಾಚು ಇವತ್ತಿಗೂ ಕಪಾಟಿನಲ್ಲಿವೆ. ಹಳೆಯದರ ಕಡೆ ಮನಸ್ಸು ಹೋದರೆ, ಈ ಊರಿನಲ್ಲಿ ಡಯಲ್ಲಿಗೆ ಹೊಸ ಬಣ್ಣ ಬಳಿದು ಹೊಸದರ ಹಾಗೆ ಮಾರುವುದು ದೊಡ್ಡ ದಂಧೆ, ಬಿಚ್ಚಿ ನೋಡಬಲ್ಲವರನ್ನು ಕರೆದುಕೊಂಡು ಹೋಗಿ.

ಐದಾರು ವರ್ಷಕ್ಕೊಮ್ಮೆ ಸರ್ವಿಸ್ ಇದೆ, ಬಿಲ್ಲು ಸಾವಿರಗಳಲ್ಲಲ್ಲ, ಹತ್ತಾರು ಸಾವಿರಗಳಲ್ಲಿ ಬರುತ್ತದೆ. ಅದನ್ನು ಅಪ್ಪನ ಮೇಲೆ ಹಾಕಬೇಡಿ, ಈಗಲೇ ನೀವಿಬ್ಬರು ಹಂಚಿಕೊಳ್ಳಿ. ಗಲ್ಲಾದಲ್ಲಿ ಕೂರುವವರು ಅಡುಗೆಮನೆಗೂ ಹೋಗಿ ಬರುತ್ತಾರೆ, ಹಬೆ ತಗುಲುತ್ತದೆ, ಕೈ ತೊಳೆಯುತ್ತಲೇ ಇರುತ್ತಾರೆ. ನೀರಿಗಿಂತ ಹಬೆ ಕೆಟ್ಟದ್ದು, ನೀರು ತಡೆಯುವ ರಬ್ಬರಿನ ಗ್ಯಾಸ್ಕೆಟ್ಟು ಬೇಗ ಗಟ್ಟಿಯಾಗುತ್ತದೆ. ಇಂಡಕ್ಷನ್ ಒಲೆಯ ಹತ್ತಿರ ಕೈ ಒಡ್ಡಿದರೆ ಹೇರ್‌ಸ್ಪ್ರಿಂಗ್‌ಗೆ ಅಯಸ್ಕಾಂತ ಹಿಡಿದು ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಬಹುದು. ಹೆದರಬೇಡಿ, ಬೆಂಚಿಗೆ ತಂದರೆ ಎರಡು ನಿಮಿಷದ ಕೆಲಸ. ಪಕ್ಕದ ಚಾವಿಯ ಗುಂಡಿ ತಿರುಪಿನದಾದರೆ ಪ್ರತಿ ಸಲ ಪೂರ್ತಿ ಬಿಗಿ ಮಾಡಲು ಅಪ್ಪನಿಗೆ ಹೇಳಿಕೊಡಿ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲೇ, ಮಳೆ ಶುರುವಾಗುವ ಮೊದಲು, ನೀರು ಒಳಗೆ ಹೋಗುತ್ತದಾ ಅಂತ ಪ್ರೆಶರ್ ಪರೀಕ್ಷೆ ಮಾಡಿಸಿ.